ಓಂಕಾರೇಶ ಮೇಷ್ಟ್ರು ಸೈಕಲ್ಲಿನಲ್ಲಿ ಮಾವನ ಮನೆಗೆ ಹೋದದ್ದು

ತರೀಕೆರೆಯ ಓಂಕಾರೇಶ ಮೇಷ್ಟ್ರಿಗೆ ಭಾಷಣದ ಚಟವಿರಲಿಲ್ಲ. ಚಟವಿದ್ದವರೆಲ್ಲ ಆ ದಿನ ರಜೆ ಹಾಕಿದ್ದರಿಂದ ಅವರು ಸಿಕ್ಕಿಬಿದ್ದರು. ಹೈಸ್ಕೂಲಿನ ಸಮಾಜ ವಿಜ್ಞಾನ ಶಿಕ್ಷಕರಿಗೆ ತಾಲ್ಲೂಕು ಮಟ್ಟದ ತರಬೇತಿ ನಡೆದಿತ್ತು. ಅದರಲ್ಲಿ ಊಟಕ್ಕೆ ಮುಂಚಿನ ಉಪನ್ಯಾಸ ಇವರ ಪಾಲಿಗೆ ಬಂತು. ವಿಷಯ ‘ದಿನನಿತ್ಯದ ಓಡಾಟಕ್ಕೆ ಸೈಕಲ್: ಒಂದೊಂದು ದೇಶದಲ್ಲಿ ಒಂದೊಂದು ರೀತಿ ಏಕೆ?’

ಊಟಕ್ಕೆ ಮುಂಚಿನ ಉಪನ್ಯಾಸವನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅಂದು ಅಡಿಗೆ ತಡವಾಗಿದ್ದರಿಂದ ಎಲ್ಲರೂ ಕೇಳಿದರು. ನಾಲ್ಕು ದಿನ ಕೂತು ಓದಿದ್ದ ಮೇಷ್ಟ್ರು ಹಾಲೆಂಡಿನ ಚಪ್ಪಟೆ ನೆಲದಿಂದ ಶುರುಮಾಡಿ, ಡೆನ್ಮಾರ್ಕಿನಲ್ಲಿ ಕಾರಿನ ಮೇಲೆ ಹಾಕುವ ತೆರಿಗೆಗೆ ಬಂದು, ಜಪಾನಿನ ತಾಯಂದಿರು ಹಿಂದೊಂದು ಮುಂದೊಂದು ಮಗು ಕೂರಿಸಿಕೊಂಡು ಸೈಕಲ್ಲಿನಲ್ಲೇ ಸಂತೆಗೆ ಹೋಗುವುದನ್ನು ವರ್ಣಿಸಿದರು. ಹಾಲೆಂಡಿನಲ್ಲೂ ಒಂದು ಕಾಲಕ್ಕೆ ಬೀದಿ ತುಂಬ ಕಾರುಗಳೇ ಆಗಿ, ಮಕ್ಕಳು ಚಕ್ರದಡಿಗೆ ಸಿಕ್ಕಿ ಸತ್ತು, ಅಪ್ಪ ಅಮ್ಮಂದಿರು ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ಸರ್ಕಾರ ಸೈಕಲ್ಲಿಗೆ ಬೇರೆ ದಾರಿ ಮಾಡಿಕೊಟ್ಟಿತು ಎನ್ನುವಾಗ ಅವರು ಮುಂದಿದ್ದ ಹಾಳೆ ನೋಡುವುದನ್ನೂ ಬಿಟ್ಟರು. ಅವರಿಗೇ ಐದು ತಿಂಗಳ ಹೆಣ್ಣುಮಗುವಿತ್ತು. ಕೊನೆಗೆ, “ನಮ್ಮಲ್ಲಿ ಕಡಿಮೆ ಇರೋದು ರಸ್ತೆಯಲ್ಲ, ಮನಸ್ಸು!” ಎಂದು ಮೇಜು ಗುದ್ದಿದರು. ಚಪ್ಪಾಳೆ ಬಿತ್ತು.

ಲಕ್ಕವಳ್ಳಿ ಹೈಸ್ಕೂಲಿನ ವಿಮಲಮ್ಮ ಮೇಡಂ ಎದ್ದು ನಿಂತರು. ಅವರ ಮುಖದಲ್ಲಿ ಯಾವ ದುರುದ್ದೇಶವೂ ಇರಲಿಲ್ಲ.

“ಸಾರ್, ತಾವು ಬೆಳಿಗ್ಗೆ ಯಾವುದ್ರಲ್ಲಿ ಬಂದ್ರಿ?”

ಮೇಷ್ಟ್ರ ಮನೆಯಿಂದ ಆ ಸಭಾಂಗಣಕ್ಕೆ ಅರ್ಧ ಕಿಲೋಮೀಟರ್. ಮೇಷ್ಟ್ರು ಬಂದದ್ದು ಬೈಕಿನಲ್ಲಿ. ಆ ಬೈಕು ಕಿಟಕಿಯ ಆಚೆ ಎಲ್ಲರಿಗೂ ಕಾಣುವಂತೆ ನಿಂತಿತ್ತು. ಅವರು ಒಂದು ಲೋಟ ನೀರು ಕುಡಿದು, “ಇವತ್ತಿನವರೆಗೂ ಬೈಕು ಮೇಡಂ. ನಾಳೆಯಿಂದ ಸೈಕಲ್ಲು” ಎಂದರು. ಈ ಸಲ ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು. ಚಪ್ಪಾಳೆ ನಿಂತು ಎಲ್ಲರೂ ಊಟಕ್ಕೆ ಎದ್ದು ಹೋದರು. ಮಾತು ಮಾತ್ರ ಮೇಷ್ಟ್ರ ಕೊರಳಿಗೆ ಬಿದ್ದು ಅಲ್ಲೇ ಉಳಿಯಿತು.

ಆ ಬೈಕಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಅದು ಮದುವೆಯಲ್ಲಿ ಅಜ್ಜಂಪುರದ ಮಾವ ಮಲ್ಲಿಕಾರ್ಜುನಯ್ಯನವರು ಕೊಟ್ಟದ್ದು. ವರದಕ್ಷಿಣೆಯಲ್ಲ, ವರದಕ್ಷಿಣೆ ಅಪರಾಧವೆಂದು ಎರಡೂ ಕಡೆಯವರಿಗೆ ತಿಳಿದಿತ್ತು. ಅದು ಪ್ರೀತಿಯಿಂದ ಕೊಟ್ಟ ಉಡುಗೊರೆ. ಯಾವ ಕಂಪನಿಯದು, ಯಾವ ಬಣ್ಣದ್ದು ಎಂಬುದನ್ನಷ್ಟೇ ಮೇಷ್ಟ್ರ ಸೋದರಮಾವ, ಕಡೂರಿನ ತೀರ್ಥಪ್ಪನವರು ಮುಂಚಿತವಾಗಿ ಕೂತು ಮಾತಾಡಿದ್ದರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಬಸ್‌ಸ್ಟ್ಯಾಂಡ್ ಹಿಂದಿನ ಮುದ್ದಪ್ಪನ ಸೈಕಲ್ ಶಾಪಿಗೆ ಹೋಗಿ, ದೊಡ್ಡೋರು ತುಳಿಯುವ ಸೈಕಲ್ ಒಂದು ಬೇಕೆಂದರು. ಮುದ್ದಪ್ಪ ಪಂಕ್ಚರ್ ನೋಡುತ್ತಿದ್ದ ಟ್ಯೂಬನ್ನು ನೀರಿನ ಬಾಣಲೆಯಲ್ಲೇ ಬಿಟ್ಟು ತಲೆ ಎತ್ತಿದ.

“ತೋಟದ ಆಳಿಗಾ ಮೇಷ್ಟ್ರೇ?”

“ನನಗೆ ತೋಟ ಇಲ್ಲ ಮುದ್ದಪ್ಪ. ಸೈಕಲ್ ನನಗೇ.”

ಮುದ್ದಪ್ಪ ಕೈ ಒರೆಸಿಕೊಂಡು ಹತ್ತಿರ ಬಂದ. ಸುತ್ತ ನೋಡಿ ದನಿ ತಗ್ಗಿಸಿದ.

“ಡಾಕ್ಟ್ರು ಏನಂದ್ರು ಸಾ?”

“ಡಾಕ್ಟ್ರು ಏನೂ ಅಂದಿಲ್ಲ. ಹಾಲೆಂಡಲ್ಲಿ ಎಲ್ರೂ ಸೈಕಲ್ಲಲ್ಲೇ ಕೆಲಸಕ್ಕೆ ಹೋಗ್ತಾರೆ.”

“ಅವ್ರಿಗೂ ಶುಗರ್ರಾ?” ಎಂದು ಮುದ್ದಪ್ಪ ನಿಟ್ಟುಸಿರಿಟ್ಟ. ತನ್ನ ಸ್ವಂತ ಸೈಕಲ್ಲಿಗೇ ಎಣ್ಣೆ ಬಿಟ್ಟು, ಹೊಸ ಬೆಲ್ಲು ಹಾಕಿ, ಕಾಯಿಲೆಯವರಿಗೆ ಕೊಡುವ ಮರ್ಯಾದೆಯಿಂದ ಕೊಟ್ಟ.

ಎರಡು ವಾರ ಮೇಷ್ಟ್ರು ತರೀಕೆರೆಯಲ್ಲಿ ಸೈಕಲ್ ತುಳಿದರು. ಮೊದಲ ವಾರ ಊರು ಅವರ ಆರೋಗ್ಯ ವಿಚಾರಿಸಿತು. ಎರಡನೆಯ ವಾರ ವಿಚಾರಿಸುವುದನ್ನು ಬಿಟ್ಟು ಕನಿಕರಿಸಿತು. ಹೋಟೆಲಿನವನು ಕೇಳದೆಯೇ ಸಕ್ಕರೆ ಹಾಕದ ಕಾಫಿ ಕೊಟ್ಟ. ಮನೆಯಲ್ಲಿ ಅವರಿಗೆ ಕಾಫಿ ಕಾಸುವವರಿರಲಿಲ್ಲ. ಹೆಂಡತಿ ಕೋಮಲಾ ಚೊಚ್ಚಿಲ ಬಾಣಂತನಕ್ಕೆ ಅಜ್ಜಂಪುರದ ತವರಿನಲ್ಲಿದ್ದಳು. ಮಗು ಸ್ಫೂರ್ತಿಯನ್ನು ಮೇಷ್ಟ್ರು ಹುಟ್ಟಿದಾಗಿನಿಂದ ಏಳು ಸಲ ನೋಡಿದ್ದರು. ಏಳೂ ಸಲ ಅದು ನಿದ್ದೆ ಮಾಡುತ್ತಿತ್ತು. ಬಾಣಂತನ ಮುಗಿಯುತ್ತ ಬಂದಿದ್ದರಿಂದ, ಬರುವ ತಿಂಗಳ ಮೊದಲ ಸೋಮವಾರ ತಾಯಿ ಮಗುವನ್ನು ಕಳಿಸಿಕೊಡಿ ಎಂದು ಕೇಳಿ ಬರಲು ಅವರು ಭಾನುವಾರ ಹೊರಟರು. ಹೆಚ್ಚುಕಮ್ಮಿ ಇಪ್ಪತ್ತು ಕಿಲೋಮೀಟರ್. ಬೈಕಿನ ಕಡೆ ಒಂದು ಸಲ ನೋಡಿದರು. ವಿಮಲಮ್ಮ ಮೇಡಂ ನೆನಪಾಗಿ ಸೈಕಲ್ ಹತ್ತಿದರು.

ಇನ್ನು ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಆ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ಅಳಿಯನಾದವನು ಮಾವನನ್ನು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಕೇಳಿದರೆ ಅವನ ಮರ್ಯಾದೆ ಹೋಗುತ್ತದೆ. ಅವನು ಬರೀ ಸೂಚಿಸುತ್ತಾನೆ, ಮಾವನಾದವನು ತಿಳಿದುಕೊಳ್ಳುತ್ತಾನೆ. ಎರಡನೇ ಹೋಳಿಗೆ ಬೇಡವೆಂದರೆ ಒಂದು ಅರ್ಥ. ಹಾಸಿದ ಚಾಪೆ ಬಿಟ್ಟು ಬರೀ ನೆಲದ ಮೇಲೆ ಮಲಗಿದರೆ ಅದಕ್ಕಿಂತ ದೊಡ್ಡ ಅರ್ಥ. ಮಲ್ಲಿಕಾರ್ಜುನಯ್ಯನವರ ಹಿರಿಯ ಅಳಿಯ, ಡ್ಯಾಮಿನ ಇಂಜಿನಿಯರ್ ರುದ್ರಮೂರ್ತಿ, ಹಿಂದೊಂದು ದೀಪಾವಳಿಗೆ ಹೆಂಡತಿ ಸುಮನಾಳನ್ನು ಕರೆದುಕೊಂಡು ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮೂರು ದಿನ ಯಾರೊಡನೆಯೂ ನಗದೆ ಕೂತಿದ್ದ. ಯುಗಾದಿಯೊಳಗೆ ಅವನ ಮನೆಯ ಮುಂದೆ ಕಾರು ನಿಂತಿತ್ತು. ಮಲ್ಲಿಕಾರ್ಜುನಯ್ಯನವರು ಗೊಬ್ಬರ, ಬೀಜದ ಅಂಗಡಿ ಇಟ್ಟವರು. ರೈತನ ಮುಖ ನೋಡಿ ಯಾವ ಬೆಳೆಗೆ ಯಾವ ರೋಗ ಬಂದಿದೆ ಎಂದು ಹೇಳಬಲ್ಲರು. ಅಳಿಯನ ಮುಖ ಓದುವುದು ಅವರಿಗೆ ಕಷ್ಟವಾಗಿರಲಿಲ್ಲ.

ಅಂಥ ಮಾವನ ಬೀದಿಗೆ ಕಿರಿಯ ಅಳಿಯ ಭಾನುವಾರ ನಡು ಹಗಲಿನಲ್ಲಿ ಸೈಕಲ್ ತುಳಿದುಕೊಂಡು ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ತಲೆಗೆ ಟವೆಲ್ ಸುತ್ತಿತ್ತು. ಹ್ಯಾಂಡಲ್ಲಿಗೆ ಹಣ್ಣಿನ ಚೀಲ ನೇತಾಡುತ್ತಿತ್ತು. ಮೊದಲು ನೋಡಿದವರು ಎದುರುಮನೆಯ ಈಶ್ವರಮ್ಮ.

“ಅಯ್ಯೋ ಪ್ರೇಮಕ್ಕಾ! ಬೇಗ ಬಾರೇ! ನಿನ್ನ ಅಳಿಯ ಕಣೇ!”

ಅತ್ತೆ ಪ್ರೇಮಮ್ಮ ಓಡಿ ಬಂದವರು ನೀರಿನ ತಂಬಿಗೆ ಕೊಡುವುದನ್ನೂ ಮರೆತು ಸೈಕಲ್ಲನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ, ತೆಂಗಿನ ಗರಿಗಳ ಹಿಂದೆ ನಿಲ್ಲಿಸಿ, ಮೇಲೊಂದು ಗೊಬ್ಬರದ ಚೀಲ ಹೊದಿಸಿದರು. ಬಿಸಿಲಿಗೆ ಸೀಟು ಕಾಯದಿರಲೆಂದು ಅತ್ತೆ ಎಷ್ಟು ಕಾಳಜಿ ಮಾಡುತ್ತಾರೆ ಎಂದು ಮೇಷ್ಟ್ರಿಗೆ ಸಂತೋಷವಾಯಿತು.

ಊಟಕ್ಕೆ ಹೋಳಿಗೆ. ಇಪ್ಪತ್ತು ಕಿಲೋಮೀಟರ್ ತುಳಿದ ಹೊಟ್ಟೆ ಒಂದು ಹೋಳಿಗೆಗೇ ತಿರುಗಿತು. ಎರಡನೆಯದಕ್ಕೆ ಮೇಷ್ಟ್ರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದ ಪ್ರೇಮಮ್ಮ ಗಂಡನ ಮುಖ ನೋಡಿದರು. ಗಂಡ ಎಲೆಯ ಮುಖ ನೋಡಿದರು.

“ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ ಅಳಿಯಂದ್ರೇ?” ಎಂದರು ಮಲ್ಲಿಕಾರ್ಜುನಯ್ಯ.

“ಏನಿಲ್ಲ ಮಾವ. ಡೆನ್ಮಾರ್ಕಲ್ಲಿ ಮಂತ್ರಿಗಳೇ ಹಿಂಗೆ ಓಡಾಡ್ತಾರೆ. ಅಲ್ಲಿ ಕಾರಿದ್ದೋನಿಗೇ ಕಷ್ಟ. ಕಾರಿನ ಮೇಲೆ ಟ್ಯಾಕ್ಸು, ಕಾರು ನಿಲ್ಸೋಕೆ ಜಾಗ ಇಲ್ಲ, ಕಾರಿನ ದಾರಿ ಸುತ್ತು...”

“ನಾಲ್ಕು ಸಲ ಕಾರು ಅಂದ್ರು” ಎಂದು ಪ್ರೇಮಮ್ಮ ಅಡಿಗೆಮನೆಗೆ ಹೋಗಿ ಈಶ್ವರಮ್ಮನವರಿಗೆ ಪಿಸುಗುಟ್ಟಿದರು. ಈಶ್ವರಮ್ಮ ಉಪ್ಪು ಕೇಳಲು ಬಂದವರು ಉಪ್ಪು ತೆಗೆದುಕೊಂಡೂ ಅಲ್ಲೇ ನಿಂತಿದ್ದರು.

ಮಲ್ಲಿಕಾರ್ಜುನಯ್ಯನವರು ಬಹಳ ಎಚ್ಚರಿಕೆಯಿಂದ ಇನ್ನೊಂದು ಪ್ರಶ್ನೆ ಹಾಕಿದರು. “ಆ ದೇಶದಲ್ಲಿ... ಮಾವಂದ್ರು ಹೆಂಗೆ?”

“ಅಲ್ಲಿ ಮಾವಂದ್ರು ಬೈಕು ಕೊಡೋ ಪದ್ಧತೀನೇ ಇಲ್ಲ ಮಾವ” ಎಂದು ಮೇಷ್ಟ್ರು ನಕ್ಕರು. ಅಲ್ಲಿ ಬೈಕು ಕೊಡುವುದಿಲ್ಲವೆಂದರೆ ಏನು ಕೊಡುತ್ತಾರೆ ಎಂಬುದನ್ನು ಮಲ್ಲಿಕಾರ್ಜುನಯ್ಯನವರು ಕೇಳಲಿಲ್ಲ. ಅವರ ತುತ್ತು ಅಲ್ಲಿಗೇ ನಿಂತಿತು.

ಊಟವಾದ ಮೇಲೆ ಸೊಂಟ ಹಿಡಿದುಕೊಂಡು ಮೇಷ್ಟ್ರು ಹಾಸಿಗೆ ಬಿಟ್ಟು ತಣ್ಣಗಿನ ಬರೀ ನೆಲದ ಮೇಲೆ ಮಲಗಿದರು. ಅಲ್ಲಿಗೆ ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ.

ಸಂಜೆ ಹೊರಡುವಾಗ ಅವರು ಹೆಂಡತಿ ಮಗುವನ್ನು ಕಳಿಸುವ ಮಾತು ತೆಗೆದರು. ಮಾತಿಗೆ ಮಾತು ಬಂದು, ಜಪಾನಿನಲ್ಲಿ ಮಕ್ಕಳನ್ನು ಸೈಕಲ್ಲಿನಲ್ಲಿ ಮುಂದೊಂದು ಹಿಂದೊಂದು ಕೂರಿಸುವ ವಿಷಯವನ್ನೂ ಹೇಳಿದರು. ಪ್ರೇಮಮ್ಮ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಲ್ಲಿಕಾರ್ಜುನಯ್ಯನವರು, “ಸೋಮವಾರ ಬೇಡಿ. ನಾಲ್ಕು ಜನ ದೊಡ್ಡೋರು ಕೂತು ಮಾತಾಡಿ ಆಮೇಲೆ ಕಳಿಸ್ತೀವಿ” ಎಂದರು. ಕೋಮಲಾ ಬಾಗಿಲ ಸಂದಿಯಿಂದ ಗಂಡನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನೋ ಒಂದು ಪ್ರಶ್ನೆಯಿತ್ತು. ಮೇಷ್ಟ್ರು ಅದಕ್ಕೆ ಬೆಲ್ಲು ಬಾರಿಸಿ ಕೈ ಬೀಸಿದರು.

ಬುಧವಾರ ಕಡೂರಿನ ತೀರ್ಥಪ್ಪನವರು ಬಸ್ಸಿಳಿದು ನೇರ ಸೋದರಳಿಯನ ಸ್ಕೂಲಿಗೇ ಬಂದರು. ಪಾಠ ನಡೆಯುತ್ತಿತ್ತು. ಕಿಟಕಿಯಿಂದಲೇ ಕರೆದರು.

“ಲೇ ಓಂಕಾರಿ, ಈಚೆ ಬಾರೋ!”

ಮೇಷ್ಟ್ರು ಹೊರಗೆ ಬಂದರು.

“ನಿನಗೆ ಕಾರು ಬೇಕಿದ್ರೆ ನನಗೆ ಒಂದು ಮಾತು ಹೇಳ್ಬಾರ್ದಾ? ಬೀದೀಲಿ ಸೈಕಲ್ ತುಳೀತಾರೇನೋ? ಮಲ್ಲಿಕಾರ್ಜುನಯ್ಯ ಫೋನಲ್ಲಿ ಅಳೋದೊಂದು ಬಾಕಿ ಕಣೋ.”

ಮೇಷ್ಟ್ರಿಗೆ ಆಗ ಹೋಳಿಗೆ, ನೆಲ, ಗೊಬ್ಬರದ ಚೀಲ ಎಲ್ಲ ಒಂದೇ ಸಲಕ್ಕೆ ಅರ್ಥವಾದವು. ಸೀಮೆಸುಣ್ಣ ಕೈಯಿಂದ ಬಿತ್ತು.

“ಮಾವ, ದೇವರಾಣೆ ನನಗೆ ಕಾರು ಬೇಡ!”

ತೀರ್ಥಪ್ಪನವರ ಮುಖದಲ್ಲಿದ್ದ ಸಿಟ್ಟು ನಿಧಾನವಾಗಿ ಇಳಿದು, ಅದರ ಜಾಗದಲ್ಲಿ ಗೌರವ ಮೂಡಿತು. ಇಷ್ಟು ವರ್ಷ ಪೆದ್ದನೆಂದುಕೊಂಡಿದ್ದ ಹುಡುಗನನ್ನು ಅವರು ಹೊಸದಾಗಿ ನೋಡಿದರು.

“ಹಂಗೇ ಹೇಳ್ತಿರು. ಬೇಡ ಬೇಡ ಅನ್ನೋನಿಗೇ ಕಣೋ ದೊಡ್ಡದು ಸಿಗೋದು. ಇನ್ನು ನೀನು ಬಾಯಿ ಬಿಡ್ಬೇಡ, ನಾನು ನೋಡ್ಕೋತೀನಿ.”

“ಮಾವ, ಹಾಲೆಂಡಲ್ಲಿ—”

“ಆ ಹಾಲೆಂಡು ಗೀಲೆಂಡು ಎಲ್ಲಾ ಹಂಗೇ ಇರ್ಲಿ. ಚೆನ್ನಾಗಿ ಕೆಲಸ ಮಾಡ್ತಿದೆ.”

ಮುಂದಿನ ಭಾನುವಾರ ಅಜ್ಜಂಪುರದಲ್ಲಿ ಪಂಚಾಯಿತಿ. ಮೇಷ್ಟ್ರು ಆ ದಿನ ಬೈಕಿನಲ್ಲೇ ಹೋಗುವುದೆಂದು ನಿಶ್ಚಯಿಸಿದ್ದರು. ಬೇಕಾದರೆ ವಿಮಲಮ್ಮ ಮೇಡಂ ಕಾಲಿಗೆ ಬೀಳೋಣ, ಹೆಂಡತಿ ಮಗು ಮನೆಗೆ ಬರಲಿ ಎಂದು ಅವರ ತೀರ್ಮಾನ. ಅಂಗಳಕ್ಕೆ ಇಳಿದು ಗುಂಡಿ ಒತ್ತಿದರು. ಮೂರು ವಾರ ಮುಟ್ಟದ ಬೈಕು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಒದ್ದರು, ತಳ್ಳಿದರು, ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಓಡಿದರು. ಬಸ್ ಹೊರಟುಹೋಗಿತ್ತು. ಕೊನೆಗೆ ಬೇರೆ ದಾರಿ ಕಾಣದೆ, ಜೀವನದಲ್ಲಿ ಎಂದೂ ತುಳಿಯದಷ್ಟು ಜೋರಾಗಿ ಸೈಕಲ್ ತುಳಿದರು.

ಅಜ್ಜಂಪುರದಲ್ಲಿ ಎಲ್ಲರೂ ಜಗುಲಿಯ ಮೇಲೆ ಕಾದು ಕೂತಿದ್ದರು. ಮಧ್ಯದಲ್ಲಿ ಹಿರಿಯರಾಗಿ ರೈಸ್‌ಮಿಲ್ಲಿನ ಯಜಮಾನರು, ಒಂದು ಪಕ್ಕ ಮಲ್ಲಿಕಾರ್ಜುನಯ್ಯ, ಇನ್ನೊಂದು ಪಕ್ಕ ತೀರ್ಥಪ್ಪ. ಈಶ್ವರಮ್ಮ ತಮ್ಮ ಜಗುಲಿಯಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಅವರ ಮೊರದಲ್ಲಿ ಸಿಪ್ಪೆಯಷ್ಟೇ ಉಳಿದಿತ್ತು, ಅದನ್ನೇ ಮತ್ತೆ ಸುಲಿಯುತ್ತಿದ್ದರು. ಸೈಕಲ್ಲಿನ ಸದ್ದಿಗೆ ಎಲ್ಲರೂ ತಲೆ ಎತ್ತಿದರು.

“ಇವತ್ತೂ ಸೈಕಲ್ಲೇ” ಎಂದರು ರೈಸ್‌ಮಿಲ್ ಯಜಮಾನರು.

“ಹಟ ಬಿಡೋನಲ್ಲ” ಎಂದು ತೀರ್ಥಪ್ಪನವರು ಹೆಮ್ಮೆಯಿಂದ ಎಲೆಗೆ ಸುಣ್ಣ ಹಚ್ಚಿದರು.

ಅಂಗಳದಲ್ಲಿ ಬಿಳಿ ಬಣ್ಣದ ಹೊಸ ಕಾರೊಂದು ಸೇವಂತಿಗೆ ಹಾರ ಹಾಕಿಕೊಂಡು ನಿಂತಿತ್ತು. ಚಕ್ರದ ಕೆಳಗೆ ನಿಂಬೆಹಣ್ಣೂ ಇತ್ತು. ಮಲ್ಲಿಕಾರ್ಜುನಯ್ಯನವರು ಎದ್ದು ನಿಂತರು. ಒಂದೇ ವಾರದಲ್ಲಿ ಅವರ ಕಣ್ಣು ಗುಳಿಬಿದ್ದಿತ್ತು. ಮಡಚಿದ ಕೈಯಲ್ಲಿ ಕೀ ಹಿಡಿದುಕೊಂಡು, “ನನ್ನ ಕೈಲಾಗಿದ್ದು ಇಷ್ಟೇ ಅಳಿಯಂದ್ರೇ. ಹಿರಿಯೋರಿಗೂ ಕಿರಿಯೋರಿಗೂ ನಾನು ಭೇದ ಮಾಡಲ್ಲ. ನನ್ನ ಮಗಳ್ನ ಚೆನ್ನಾಗಿ ನೋಡ್ಕೊಳಿ” ಎಂದರು. ದನಿ ನಡುಗಿತು.

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಅವರು ಯಾರ ಕಣ್ಣಲ್ಲೂ ನೀರು ತರಿಸಿದವರಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಕೂಡ ಧಾರಾಳವಾಗಿ ಮಾರ್ಕು ಕೊಡುವವರು.

“ಮಾವ, ನನಗೆ ಇದು ಬೇಡ.”

ತೀರ್ಥಪ್ಪನವರು ಕಿವಿಯ ಹತ್ತಿರ ಬಾಗಿದರು. “ಬಣ್ಣ ಹಿಡಿಸ್ಲಿಲ್ವೇನೋ?”

“ಕಾರೇ ಬೇಡ! ನನಗೆ ನನ್ನ ಹೆಂಡ್ತಿ, ನನ್ನ ಮಗು ಬೇಕು!”

ರೈಸ್‌ಮಿಲ್ ಯಜಮಾನರು ತಲೆದೂಗಿದರು.

“ಅದು ಇದ್ದಿದ್ದೇ. ಅದರ ಮೇಲೆ?”

ಮೇಷ್ಟ್ರು ಜಗುಲಿಯ ಕಂಬ ಹಿಡಿದು ಕೂತರು. ನಿಜ ಹೇಳಿಬಿಡುವುದೆಂದು ಮೊದಲಿನಿಂದ ಶುರುಮಾಡಿದರು. ತರಬೇತಿ, ಭಾಷಣ, ವಿಮಲಮ್ಮ ಮೇಡಂ, ಎಲ್ಲ ಹೇಳಿದರು. ಆಮೇಲೆ ದೇಶಗಳಿಗೆ ಬಂದರು.

“ಹಾಲೆಂಡಲ್ಲಿ ನೆಲ ಚಪ್ಪಟೆ ಯಜಮಾನ್ರೇ, ಅದಕ್ಕೆ ಸೈಕಲ್ ತುಳಿಯೋದು ಸುಲಭ.”

“ಯಗಟಿ ಕಡೆ ನೆಲ ಅಂಗೈ ಇದ್ದಂಗಿದೆ. ಅಲ್ಲಿ ಯಾವ ಮೇಷ್ಟ್ರು ಸೈಕಲ್ ತುಳೀತಾರೆ? ಎಲ್ಲಾ ಬಸ್ಸಿಗೆ ಕಾಯ್ತಾರೆ.”

“ಡೆನ್ಮಾರ್ಕಲ್ಲಿ ಕಾರಿನ ಮೇಲೆ ವಿಪರೀತ ಟ್ಯಾಕ್ಸು.”

“ಅಂದ್ರೆ ಟ್ಯಾಕ್ಸು, ಇನ್ಶೂರೆನ್ಸು ಎಲ್ಲಾ ಮಾವನೋರೇ ಕಟ್ಟಿರ್ಬೇಕು ಅಂತ ಹುಡುಗನ ಮಾತು” ಎಂದು ತೀರ್ಥಪ್ಪನವರು ಸಭೆಗೆ ಅರ್ಥ ಹೇಳಿದರು.

“ಕಟ್ಟಾಗಿದೆ” ಎಂದರು ಮಲ್ಲಿಕಾರ್ಜುನಯ್ಯ.

ಮೇಷ್ಟ್ರು ಎದ್ದು ನಿಂತರು. ನಾಲ್ಕು ದಿನ ಕೂತು ಓದಿದ್ದೆಲ್ಲ ಅವರ ತಲೆಯಿಂದ ಹಾರಿಹೋಗಿತ್ತು. ಇಪ್ಪತ್ತು ಕಿಲೋಮೀಟರಿನ ಬೆವರು, ಸಿಟ್ಟು, ಮಗುವಿನ ಮೇಲಿನ ಆಸೆ ಅಷ್ಟೇ ಉಳಿದಿದ್ದವು.

“ನೆಲಾನೂ ಅಲ್ಲ, ಟ್ಯಾಕ್ಸೂ ಅಲ್ಲ! ನಾನು ಓದಿದ್ದೆಲ್ಲಾ ಅರ್ಧಂಬರ್ಧ. ಆ ದೇಶದಲ್ಲಿ ಜನ ಯಾಕೆ ಸೈಕಲ್ ತುಳೀತಾರೆ ಗೊತ್ತಾ? ಅಲ್ಲಿ ಸೈಕಲ್ಲಲ್ಲಿ ಬಂದೋನ್ನ ಯಾಕೆ ಸೈಕಲ್ಲಲ್ಲಿ ಬಂದೆ ಅಂತ ಯಾರೂ ಕೇಳಲ್ಲ. ಅಷ್ಟೇ! ನೀರು ಕೊಡ್ತಾರೆ, ಕೂರಿಸ್ತಾರೆ, ಮಗೂನ ಕೈಗೆ ಕೊಡ್ತಾರೆ! ನನಗೆ ಎರಡು ಭಾನುವಾರದಿಂದ ಒಬ್ರೂ ಒಂದು ಲೋಟ ನೀರು ಕೊಟ್ಟಿಲ್ಲ!”

ಇದು ಮೇಷ್ಟ್ರು ಆ ವಿಷಯದ ಮೇಲೆ ಮಾಡಿದ ಅತ್ಯುತ್ತಮ ಭಾಷಣ. ಇದಕ್ಕೆ ಚಪ್ಪಾಳೆ ಬೀಳಲಿಲ್ಲ. ಎದುರು ಜಗುಲಿಯಲ್ಲಿ ಅವರೆ ಸುಲಿಯುವ ಸದ್ದು ಮಾತ್ರ ನಿಂತಿತು. ರೈಸ್‌ಮಿಲ್ ಯಜಮಾನರು ಬಹಳ ಹೊತ್ತು ಯೋಚಿಸಿ, “ಕೊಟ್ಟಿದ್ದನ್ನ ಬೇಡ ಅಂದ್ರೆ ಕೊಟ್ಟೋರಿಗೆ ಅವಮಾನ. ಮಲ್ಲಿಕಾರ್ಜುನಯ್ಯನೋರು ಹಾರ ಹಾಕಿ ನಿಲ್ಸಿದ್ದನ್ನ ಒಳಗೆ ತಗೊಂಡೋಗಕ್ಕಾಗಲ್ಲ. ಕಾರು ಹೋಗದೆ ಹುಡುಗಿ ಹೋಗೋ ಹಂಗಿಲ್ಲ” ಎಂದು ತೀರ್ಪು ಕೊಟ್ಟರು.

ಆಗ ಬಾಗಿಲಿನಿಂದ ಕೋಮಲಾ ಹೊರಗೆ ಬಂದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ತೋಳಿನಲ್ಲಿ ಮಗು. ತಂಬಿಗೆಯನ್ನು ಗಂಡನ ಪಕ್ಕ ಇಟ್ಟು, ಮಗುವನ್ನು ಅವರ ಕೈಗೆ ಹಾಕಿದಳು. ಸ್ಫೂರ್ತಿ ಮೊಟ್ಟಮೊದಲ ಬಾರಿಗೆ ಎಚ್ಚರವಾಗಿತ್ತು. ಅಪ್ಪನ ಬೆವರಿನ ಮುಖವನ್ನು ಗಂಭೀರವಾಗಿ ಪರೀಕ್ಷಿಸಿ ಅವರ ಮೂಗು ಹಿಡಿದುಕೊಂಡಿತು. ಮೇಷ್ಟ್ರು ಕಣ್ಣು ಮಿಟುಕಿಸದೆ ಕೂತರು.

“ರೀ, ಎಲ್ರ ಮುಂದೆ ಹೇಳಿ. ನಿಮಗೆ ಕಾರು ಓಡ್ಸೋಕೆ ಬರುತ್ತಾ?”

“ಇಲ್ಲ.”

“ಕಲಿಯೋ ಆಸೆ ಏನಾದ್ರೂ?”

“ಇಲ್ಲ ಕಣೇ. ಹಿಂದಕ್ಕೆ ಹೋಗೋದು ಅಂದ್ರೆ ನನಗೆ ಭಯ.”

ಅವಳು ಅಪ್ಪನ ಕಡೆ ತಿರುಗಿದಳು. ಅವಳ ಮುಖದಲ್ಲಿ ಒಂದು ವಾರದಿಂದ ಕಟ್ಟಿಕೊಂಡಿದ್ದ ಅಳು ಆಗ ಸಡಿಲವಾದದ್ದು ಮೇಷ್ಟ್ರಿಗೆ ಮಾತ್ರ ಕಂಡಿತು. ಅವಳೂ ನಂಬಿದ್ದಳೇನೋ ಎಂದು ಅವರಿಗೆ ನೋವಾಯಿತು.

“ಅಪ್ಪಾ, ಕಾರು ಹೋಗ್ಲಿ. ನಿಮ್ಮ ಕಾರಲ್ಲಿ ನೀವೇ ಬಂದು ನನ್ನೂ ಮಗೂನೂ ತರೀಕೆರೆಗೆ ಬಿಟ್ಟು, ನಿಮ್ಮ ಕಾರಲ್ಲೇ ನೀವು ವಾಪಸ್ ಬನ್ನಿ. ಹಾರ ಹಾಕಿದ ಕಾರು ಮನೆ ಬಿಟ್ಟು ಹೊರಟಂಗೂ ಆಯ್ತು, ಇವ್ರು ಬೇಡ ಅಂದಂಗೂ ಆಯ್ತು.”

ತೀರ್ಪಿನಲ್ಲಿ ಕಾರು ಹೋಗಬೇಕೆಂದಿತ್ತೇ ಹೊರತು ಬರಬಾರದೆಂದಿರಲಿಲ್ಲ. ರೈಸ್‌ಮಿಲ್ ಯಜಮಾನರು ಎಷ್ಟು ತಡಕಾಡಿದರೂ ಅಡ್ಡಿ ಸಿಗಲಿಲ್ಲ.

ಹೀಗೆ ಅಂಗಡಿಯ ಟೆಂಪೋ ಡ್ರೈವರ್ ಕಾರು ಓಡಿಸಿದ. ಮುಂದೆ ಮಲ್ಲಿಕಾರ್ಜುನಯ್ಯ, ಹಿಂದೆ ಪ್ರೇಮಮ್ಮ, ಕೋಮಲಾ, ಮಗು, ತೊಟ್ಟಿಲು. ಸೈಕಲ್ಲಿಗೂ ಮೇಷ್ಟ್ರಿಗೂ ಜಾಗವಿರಲಿಲ್ಲವಾದ್ದರಿಂದ ಅವರು ಹಿಂದಿನಿಂದ ತುಳಿದುಕೊಂಡು ಬಂದರು. ಕೋಮಲಾ ಹೇಳಿದ್ದರಿಂದ ಕಾರು ಸೈಕಲ್ಲಿನ ವೇಗದಲ್ಲೇ ಹೋಯಿತು. ಹಾರ ಹಾಕಿಕೊಂಡು ಅಷ್ಟು ನಿಧಾನವಾಗಿ ಹೋಗುವ ಕಾರಿನಲ್ಲಿ ಮಠದ ಸ್ವಾಮಿಗಳಿರಬೇಕೆಂದು ದಾರಿಯ ಹಳ್ಳಿಗಳಲ್ಲಿ ಜನ ಎದ್ದು ನಿಂತು ಕೈಮುಗಿದರು. ಕಿಟಕಿಯಲ್ಲಿ ಸ್ಫೂರ್ತಿ ಎಲ್ಲರಿಗೂ ದರ್ಶನ ಕೊಟ್ಟಿತು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಮೇಷ್ಟ್ರನ್ನು ಸ್ವಾಮಿಗಳ ಪರಮ ಭಕ್ತನೆಂದು ತಿಳಿದು ಯಾರೋ ಮಜ್ಜಿಗೆ ಕೊಟ್ಟರು. ಮೇಷ್ಟ್ರು ಕುಡಿದರು. ಯಾಕೆ ಸೈಕಲ್ಲಿನಲ್ಲಿ ಬರುತ್ತಿದ್ದೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಕಾರು ಆ ಸಂಜೆಯೇ ಅಜ್ಜಂಪುರಕ್ಕೆ ಹಿಂದಿರುಗಿತು. ಮಾರನೆಯ ದಿನ ತರೀಕೆರೆಯ ಬೀದಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು: ಮೇಷ್ಟ್ರು ಕಾರು ವಾಪಸ್ ಕಳಿಸಿದರಂತೆ, ಸಣ್ಣದಾಯಿತಂತೆ. ತೀರ್ಥಪ್ಪನವರು ಕಡೂರಿನಿಂದ ಫೋನ್ ಮಾಡಿ, “ಭೇಷ್ ಕಣೋ” ಎಂದಷ್ಟೇ ಹೇಳಿ ಇಟ್ಟರು.

ಮೇಷ್ಟ್ರು ಯಾವುದನ್ನೂ ತಿದ್ದಲು ಹೋಗಲಿಲ್ಲ. ಅವರ ಮನೆಯಲ್ಲಿ ಈಗ ಕಾಫಿಯ ವಾಸನೆಯಿತ್ತು, ಮಗುವಿನ ಅಳುವಿತ್ತು. ಅವರಿಗೆ ಅಷ್ಟು ಸಾಕಾಗಿತ್ತು.

ಆ ವಾರ ಕೋಮಲಾ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಸೈಕಲ್ ಹತ್ತಿ, ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಳು. ಮೇಷ್ಟ್ರು ಬಾಯಿ ಬಿಟ್ಟು ನೋಡಿದರು.

“ನಿನಗೆ ಸೈಕಲ್ ಬರುತ್ತಾ?”

“ಹೈಸ್ಕೂಲಿಗೆ ಮೂರು ವರ್ಷ ಸೈಕಲ್ಲಲ್ಲೇ ಹೋಗಿದ್ದು ನಾನು. ಸರ್ಕಾರ ಕೊಟ್ಟಿತ್ತಲ್ಲ. ಹೆಣ್ಣು ನೋಡೋಕೆ ಜನ ಬರೋಕೆ ಶುರುವಾದ ದಿನ ಅಪ್ಪ ಅಟ್ಟಕ್ಕೆ ಹಾಕ್ಸಿದ್ರು. ಆಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಮೂರು ದೇಶಗಳ ಸೈಕಲ್ ವಿಷಯ ಓದಿಕೊಂಡಿದ್ದ ಮೇಷ್ಟ್ರಿಗೆ ತಮ್ಮ ಮನೆಯ ಈ ಒಂದು ವಿಷಯ ಗೊತ್ತಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಸೈಕಲ್ಲನ್ನು ಅಂದೇ ಅವಳಿಗೆ ಬಿಟ್ಟುಕೊಟ್ಟರು. ಹಾಲು, ತರಕಾರಿ, ಮಗುವಿನ ಔಷಧಿ ಎಂದು ಅವಳು ಊರೆಲ್ಲ ಸುತ್ತಿದಳು. ಮೇಷ್ಟ್ರು ಬ್ಯಾಟರಿ ಸತ್ತ ಬೈಕನ್ನು ಅಂಗಳದಲ್ಲೇ ಬಿಟ್ಟು ಸ್ಕೂಲಿಗೆ ನಡೆದೇ ಹೋಗತೊಡಗಿದರು.

ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಂಪುರದಿಂದ ಫೋನ್ ಬಂತು. ಕೋಮಲಾ ಎತ್ತಿದಳು. ಮೇಷ್ಟ್ರು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಆ ಕಡೆಯಿಂದ ಮಲ್ಲಿಕಾರ್ಜುನಯ್ಯನವರ ದನಿ ಅವರಿಗೂ ಕೇಳುತ್ತಿತ್ತು.

“ಕೋಮ್ಲಾ, ಅಳಿಯಂದ್ರು ಈಗ ನಡ್ಕೊಂಡೇ ಓಡಾಡ್ತಿದಾರಂತೆ?”

“ಹೌದಪ್ಪಾ. ಸೈಕಲ್ ನಾನು ತಗೊಂಡಿದೀನಿ.”

ಮಲ್ಲಿಕಾರ್ಜುನಯ್ಯನವರು ಅದನ್ನು ಮನೆಯವರಿಗೆ ಹೇಳಿದರು. ಹಿಂದಿನಿಂದ ಪ್ರೇಮಮ್ಮ ಏನೋ ಅಂದದ್ದು, ಈಶ್ವರಮ್ಮ ಅದಕ್ಕೆ ‘ಅಯ್ಯೋ, ಇಬ್ರೂನಾ!’ ಅಂದದ್ದು ಕೇಳಿಸಿತು. ಮಲ್ಲಿಕಾರ್ಜುನಯ್ಯನವರು ಗಂಟಲು ಸರಿಮಾಡಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಸುಖವಾಗಿರಲೆಂಬ ಆಸೆಯೊಂದೇ ಇತ್ತು.

“ಸೈಟು ನೋಡಿದೀನಿ ಕಣಮ್ಮಾ. ಮೂವತ್ತು ನಲವತ್ತು ಸಾಕಾಗುತ್ತಾ, ಒಂದ್ಮಾತು ಕೇಳು.”